ಬೇರೆ ಕಂಪನಿಯ ವಿಮಾನ, ಕಾಕ್‌ಪಿಟ್‌ನ ಮಡಚು ಸೀಟು

ಪ್ರಶ್ನೆ: ನನ್ನ ಮಗ ಅಮೆರಿಕದ ಒಂದು ರೀಜನಲ್ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್. ಸೊಸೆಯ ಕೆಲಸ ಡಲ್ಲಾಸ್‌ನಲ್ಲಿ, ಹಾಗಾಗಿ ಮನೆಯೂ ಅಲ್ಲೇ. ಅವನ ಡ್ಯೂಟಿ ಮಾತ್ರ ಶಿಕಾಗೋದಿಂದ ಶುರು. ಪ್ರತಿ ಸಲವೂ ಯಾವುದೋ ಬೇರೆ ಕಂಪನಿಯ ವಿಮಾನ ಹತ್ತಿ ಕೆಲಸಕ್ಕೆ ಹೋಗುತ್ತಾನೆ. ಟಿಕೆಟ್ ಇಲ್ಲ, ದುಡ್ಡಿಲ್ಲ, ಒಮ್ಮೊಮ್ಮೆ ಕಾಕ್‌ಪಿಟ್‌ನಲ್ಲೇ ಕೂರುತ್ತೇನೆ ಅನ್ನುತ್ತಾನೆ. ಗುರುತು ಪರಿಚಯವಿಲ್ಲದವರನ್ನು ಅಷ್ಟು ಸುಲಭಕ್ಕೆ ಒಳಗೆ ಬಿಡುತ್ತಾರೆಯೇ? 2023ರಲ್ಲಿ ಹಾಗೆ ಕೂತಿದ್ದ ಪೈಲಟ್ ಒಬ್ಬ ಎಂಜಿನ್ ಆರಿಸಲು ಹೋದ ಸುದ್ದಿ ಓದಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಇನ್ನೊಂದು ಮಾತು: ಇದೇ ಥರ ಅವನು ಬೆಂಗಳೂರಿಗೆ ಬರಬಹುದೇ, ನಮ್ಮನ್ನು ಅಲ್ಲಿಗೆ ಕರೆಸಿಕೊಳ್ಳಬಹುದೇ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಮಗ ಹೇಳಿದ್ದು ಅಷ್ಟೂ ನಿಜ. ಅಮೆರಿಕದಲ್ಲಿ ಎಷ್ಟೋ ಪೈಲಟ್‌ಗಳು ಮನೆ ಒಂದೂರಲ್ಲಿ, ಬೇಸ್ (ಡ್ಯೂಟಿ ಶುರುವಾಗುವ ಜಾಗ) ಇನ್ನೊಂದೂರಲ್ಲಿ ಇಟ್ಟುಕೊಂಡೇ ಸಂಸಾರ ನಡೆಸುತ್ತಾರೆ. ಕಂಪನಿ ಲೆಕ್ಕ ಹಾಕುವುದು ಬೇಸ್‌ನಿಂದ. ಶಿಕಾಗೋದಲ್ಲಿ ಮಧ್ಯಾಹ್ನ ಎರಡಕ್ಕೆ ರಿಪೋರ್ಟ್ ಎಂದರೆ ಎರಡಕ್ಕೆ ಅಲ್ಲಿರಬೇಕು. ಹೇಗೆ ಬಂದೆ ಎಂದು ಕೇಳುವವರಿಲ್ಲ. ಕಂಪನಿಯೇ ತನ್ನ ಕೆಲಸಕ್ಕೆ ಪೈಲಟ್‌ನನ್ನು ಒಂದೂರಿಂದ ಇನ್ನೊಂದೂರಿಗೆ ಪ್ರಯಾಣಿಕನಾಗಿ ಕಳಿಸುವುದೂ ಉಂಟು, ಅದನ್ನು ಡೆಡ್‌ಹೆಡ್ ಅನ್ನುತ್ತಾರೆ. ಅದಕ್ಕೆ ಸೀಟು ಖಾತ್ರಿ, ಸಂಬಳವೂ ಉಂಟು. ನಿಮ್ಮ ಮಗನದು ಅದಲ್ಲ. ಅವನದು ಸ್ವಂತ ಓಡಾಟ, ಸ್ವಂತ ಜವಾಬ್ದಾರಿ. ಅದಕ್ಕೆ ಅವನು ಬಳಸುವುದು ಜಂಪ್‌ಸೀಟ್.

ಮೊದಲು ಆ ಸೀಟಿನ ವಿಷಯ. ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಒಂದೋ ಎರಡೋ ಹೆಚ್ಚಿನ ಸೀಟುಗಳಿರುತ್ತವೆ. ಮುಖ್ಯವಾಗಿ ಅವು ಇರುವುದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ಇನ್‌ಸ್ಪೆಕ್ಟರ್‌ಗಳು ಮತ್ತು ಕಂಪನಿಯ ಚೆಕ್ ಪೈಲಟ್‌ಗಳಿಗೆ, ಅಂದರೆ ಹಾರಾಟ ಹೇಗೆ ನಡೆಯುತ್ತಿದೆ ಎಂದು ಕೂತು ನೋಡಬೇಕಾದವರಿಗೆ. ಇನ್‌ಸ್ಪೆಕ್ಟರ್ ಬಂದರೆ ಅವರಿಗೇ ಮೊದಲ ಹಕ್ಕು, ಮಿಕ್ಕವರು ಏಳಲೇಬೇಕು. ನೆಲದ ಮೇಲಿದ್ದು ಹಾರಾಟದ ಯೋಜನೆ ಹಾಕುವ ಡಿಸ್ಪ್ಯಾಚರ್‌ಗಳೂ ಇಲ್ಲಿ ಕೂರುತ್ತಾರೆ. ವರ್ಷಕ್ಕೆ ಕನಿಷ್ಠ 5 ಗಂಟೆ ಹಾರಾಟವನ್ನು ಹತ್ತಿರದಿಂದ ನೋಡಿ ತಿಳಿದಿರಬೇಕೆಂದು ಅವರಿಗೆ ನಿಯಮವೇ ಇದೆ. ಇವರ್ಯಾರೂ ಇಲ್ಲದ ದಿನ ಖಾಲಿ ಬೀಳುವ ಸೀಟನ್ನು ಕೆಲಸಕ್ಕೆ ಹೊರಟ ಪೈಲಟ್‌ಗೆ ಕೊಡುವ ರೂಢಿ ಬೆಳೆದು ಬಂದಿದೆ. ಸುಖದ ಸೀಟು ಅಂತೂ ಅಲ್ಲ. 737ರಲ್ಲಿ ಕಾಕ್‌ಪಿಟ್ ಬಾಗಿಲು ಹಾಕಿದ ಮೇಲೆ ಅದನ್ನು ಬಿಡಿಸಿ ದಾರಿಗೆ ಅಡ್ಡಲಾಗಿ ಇಳಿಸುತ್ತಾರೆ. ಬೆನ್ನಿಗೆ ಬಾಗಿಲು, ಮೊಣಕಾಲ ಮುಂದೆ ಇಬ್ಬರು ಪೈಲಟ್‌ಗಳ ನಡುವಿನ ಕನ್ಸೋಲ್, ಕಾಲು ಚಾಚಲು ಜಾಗವಿಲ್ಲ. ಕ್ಯಾಪ್ಟನ್ ಬಾತ್‌ರೂಮಿಗೆ ಹೊರಟರೆ ಈತ ಬೆಲ್ಟ್ ಬಿಚ್ಚಿ, ಎದ್ದು, ಸೀಟು ಮಡಚಿ ಗೋಡೆಗೆ ಅಂಟಿ ನಿಲ್ಲಬೇಕು. ಡಲ್ಲಾಸ್‌ನಿಂದ ಶಿಕಾಗೋಗೆ ಎರಡೂವರೆ ಗಂಟೆ ಹಾಗೆ ಕೂತು ಬಂದವನಿಗೆ ಬಿಟ್ಟಿ ಪ್ರಯಾಣ ಅಂದರೆ ಏನೆಂದು ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ಕಡೆ ಕೆಎಸ್‌ಆರ್‌ಟಿಸಿ ಡ್ರೈವರ್ ರಜೆಯಲ್ಲಿ ಊರಿಗೆ ಹೊರಟಾಗ ಇನ್ನೊಂದು ಡಿಪೋದ ಬಸ್ಸಿನಲ್ಲಿ ಡ್ರೈವರ್ ಪಕ್ಕ ಕೂತು ಮಾತಾಡುತ್ತಾ ಹೋಗುವುದನ್ನು ನೀವು ನೋಡಿರುತ್ತೀರಿ. ಮೂಲದಲ್ಲಿ ಇದೂ ಅಂಥದೇ ಒಂದು ವೃತ್ತಿಬಾಂಧವ್ಯ. ಆದರೆ ಇಲ್ಲಿ ಕಂಪನಿಗಳು ಬೇರೆ ಬೇರೆ, ಪರಸ್ಪರ ಪೈಪೋಟಿಯಲ್ಲಿರುವಂಥವು. ಬಾಗಿಲು ಗುಂಡಿಗೂ ಜಗ್ಗದಂಥದ್ದು. ಹಾಗಾಗಿ ಮುಖಪರಿಚಯದ ಮೇಲೆ ಕೆಲಸ ನಡೆಯುವುದಿಲ್ಲ.

ಕಾನೂನಿನ ಬುಡದಿಂದ ಹೇಳುತ್ತೇನೆ. ಕಾಕ್‌ಪಿಟ್ ಒಳಗೆ ಯಾರನ್ನು ಬಿಡಬಹುದು ಎಂಬುದು ಎಫ್‌ಎಎ ನಿಯಮ 121.547ರಲ್ಲಿದೆ. ಬೇರೆ ಕಂಪನಿಯಲ್ಲಿ ಪೈಲಟ್ ಆಗಿ ಕೆಲಸ ಮಾಡುವವನನ್ನು ಬಿಡಬಹುದು, ಆದರೆ ವಿಮಾನ ಹಾರಿಸುತ್ತಿರುವ ಕಂಪನಿ ಒಪ್ಪಬೇಕು, ಎಫ್‌ಎಎ ಒಪ್ಪಬೇಕು, ಆ ವಿಮಾನದ ಕ್ಯಾಪ್ಟನ್ ಒಪ್ಪಬೇಕು. ಕಂಪನಿಯ ಒಪ್ಪಿಗೆ ಬರುವುದು ಕಂಪನಿ-ಕಂಪನಿಗಳ ನಡುವಿನ ಒಪ್ಪಂದದಿಂದ: ನಿಮ್ಮ ಪೈಲಟ್‌ಗಳನ್ನು ನಾವು ಕೂರಿಸುತ್ತೇವೆ, ನಮ್ಮವರನ್ನು ನೀವು ಕೂರಿಸಿ. ಇಂಥ ಒಪ್ಪಂದಗಳನ್ನು ಕುದುರಿಸುವುದು, ಜಗಳ ಬಂದಾಗ ಬಿಡಿಸುವುದು ಬಹುಪಾಲು ಪೈಲಟ್ ಯೂನಿಯನ್‌ಗಳ ಜಂಪ್‌ಸೀಟ್ ಸಮಿತಿಗಳ ಕೆಲಸ. ಒಪ್ಪಂದವಿಲ್ಲದ ಕಂಪನಿಯ ಗೇಟಿಗೆ ಹೋದರೆ ಪೈಲಟ್ ಎಷ್ಟೇ ಹಿರಿಯನಾದರೂ ವಾಪಸ್ ಬರಬೇಕಾಗುತ್ತದೆ.

2001ರ ಸೆಪ್ಟೆಂಬರ್ 11ರ ತನಕ ಪರಿಶೀಲನೆ ಹೆಚ್ಚುಕಡಿಮೆ ಐಡಿ ಕಾರ್ಡ್ ನೋಡುವುದರಲ್ಲಿ ಮುಗಿಯುತ್ತಿತ್ತು. ಆ ದಿನದ ನಂತರ ಬೇರೆ ಕಂಪನಿಯವರಿಗೆ ಕಾಕ್‌ಪಿಟ್ ಬಾಗಿಲು ಮುಚ್ಚಿಹೋಯಿತು. ಕ್ಯಾಬಿನ್‌ನಲ್ಲಿ ಸೀಟು ಖಾಲಿಯಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ದೂರದೂರುಗಳಿಂದ ಓಡಾಡುತ್ತಿದ್ದವರ ಹೊಟ್ಟೆಗೇ ಕಲ್ಲು ಬಿದ್ದ ಹಾಗಾಯಿತು. ಆಗ ಯೂನಿಯನ್, ಏರ್‌ಲೈನ್, ಸರ್ಕಾರ ಎಲ್ಲ ಸೇರಿ ತಂದದ್ದು ಕಾಕ್‌ಪಿಟ್ ಆಕ್ಸೆಸ್ ಸೆಕ್ಯುರಿಟಿ ಸಿಸ್ಟಂ. ಪೈಲಟ್‌ಗಳ ಬಾಯಲ್ಲಿ ಬರೀ ಕ್ಯಾಸ್.

ಕ್ಯಾಸ್ ಯಾಕೆ ಬೇಕಾಯಿತು ಎಂದು ತಿಳಿಯಲು ಇನ್ನೂ ಹಿಂದಿನ ಒಂದು ಘಟನೆ ಹೇಳಬೇಕು. 1987ರ ಡಿಸೆಂಬರ್ 7ರಂದು ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಪಿಎಸ್‌ಎ 1771 ವಿಮಾನದಲ್ಲಿ ಕೆಲಸದಿಂದ ತೆಗೆದುಹಾಕಲ್ಪಟ್ಟ ನೌಕರನೊಬ್ಬ ಪಿಸ್ತೂಲು ಹಿಡಿದು ಹತ್ತಿದ್ದ. ಅವನು ಪೈಲಟ್ ಅಲ್ಲ, ಜಂಪ್‌ಸೀಟಿಗೂ ಅವನಿಗೂ ಸಂಬಂಧವಿಲ್ಲ. ಆದರೆ ಅವನ ಐಡಿ ಕಾರ್ಡನ್ನು ವಾಪಸ್ ಪಡೆದಿರಲಿಲ್ಲ. ಅದನ್ನು ತೋರಿಸಿ ತಪಾಸಣೆ ತಪ್ಪಿಸಿಕೊಂಡ. ವಿಮಾನ ನೆಲಕ್ಕಪ್ಪಳಿಸಿ 43 ಜನ ಸತ್ತರು. ಕೈಯಲ್ಲಿರುವ ಕಾರ್ಡು ನಿನ್ನೆಯ ಕಥೆ ಹೇಳುತ್ತದೆ. ಇವನು ಈ ಹೊತ್ತಿಗೆ ಕೆಲಸದಲ್ಲಿದ್ದಾನೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಗೇಟಿನಲ್ಲಿ ಬೇಕಾದ ಉತ್ತರ ಅದು.

ಕ್ಯಾಸ್ ಕೇಳುವುದು ಆ ಪ್ರಶ್ನೆಯನ್ನೇ. ನಿಮ್ಮ ಮಗ ಗೇಟ್ ಏಜೆಂಟ್ ಹತ್ತಿರ ಹೋಗಿ ಐಡಿ ಕೊಡುತ್ತಾನೆ. ಏಜೆಂಟ್ ಅವನ ಕಂಪನಿಯ ಕೋಡ್ ಮತ್ತು ಎಂಪ್ಲಾಯಿ ನಂಬರ್ ಹೊಡೆಯುತ್ತಾರೆ. ವಿಚಾರಣೆ ನೇರ ಅವನ ಕಂಪನಿಯ ದಾಖಲೆಗೆ ಹೋಗಿ, ಕ್ಷಣದಲ್ಲಿ ಹೆಸರು, ಫೋಟೊ, ಜೊತೆಗೆ ಬಿಡಬಹುದು ಅಥವಾ ಬಿಡಬಾರದು ಎಂಬ ಉತ್ತರ ಪರದೆಗೆ ಬರುತ್ತದೆ. ಏಜೆಂಟ್ ತಲೆಯೆತ್ತಿ ಒಮ್ಮೆ ಮುಖ ನೋಡುತ್ತಾರೆ, ಪರದೆಯ ಫೋಟೊ ನೋಡುತ್ತಾರೆ. ಬೆಳಿಗ್ಗೆ ರಾಜೀನಾಮೆ ಕೊಟ್ಟವನು, ಸಸ್ಪೆಂಡ್ ಆದವನು ಮಧ್ಯಾಹ್ನ ಯೂನಿಫಾರ್ಮ್ ಹಾಕಿಕೊಂಡು ಬಂದು ನಿಂತರೂ ಅವನ ಕಂಪನಿ ದಾಖಲೆ ತಿದ್ದಿದ್ದರೆ ಪರದೆ ಆಗದು ಅನ್ನುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಸಿಸ್ಟಂ ಕೆಟ್ಟಿದ್ದರೂ ಅಷ್ಟೇ, ಬೇರೆ ಕಂಪನಿಯವನಿಗೆ ಕಾಕ್‌ಪಿಟ್ ಇಲ್ಲ. ಹಿಂದೆ ಸೀಟು ಖಾಲಿಯಿದ್ದರೆ ಅವನ ಅದೃಷ್ಟ.

ಇಲ್ಲೊಂದು ವಿಷಯ. ಜಂಪ್‌ಸೀಟ್ ಕೇಳಿದವರು ಹೆಚ್ಚಿನ ಸಲ ಕೂರುವುದು ಕ್ಯಾಬಿನ್‌ನಲ್ಲೇ. ಪ್ರಯಾಣಿಕರೆಲ್ಲ ಹತ್ತಿದ ಮೇಲೆ ಸೀಟು ಮಿಕ್ಕಿದ್ದರೆ ಏಜೆಂಟ್ ಅದನ್ನೇ ಕೊಡುತ್ತಾರೆ. ಒಂದೂ ಮಿಕ್ಕದಿದ್ದಾಗ ಕಾಕ್‌ಪಿಟ್‌ನ ಮಡಚು ಸೀಟು. ಆ ಕೊನೆಯ ಒಂದು ಸೀಟಿಗೆ ಸಾಲು ಇದ್ದೇ ಇರುತ್ತದೆ. ಆ ಕಂಪನಿಯದೇ ಪೈಲಟ್‌ಗೆ ಮೊದಲು, ಸಾಮಾನ್ಯವಾಗಿ ಅದರ ಜೊತೆಗಾರ ರೀಜನಲ್ ಕಂಪನಿಗಳವರಿಗೆ ನಂತರ, ಆಮೇಲೆ ಮಿಕ್ಕವರಿಗೆ ಬಂದು ಹೆಸರು ಕೊಟ್ಟ ಹೊತ್ತಿನ ಪ್ರಕಾರ. ಒಂದು ಗಂಟೆ ಮೊದಲೇ ಬಂದು ಮೊದಲನೆಯವನಾಗಿ ನಿಂತವನನ್ನು, ಹೊರಡಲು ಇಪ್ಪತ್ತು ನಿಮಿಷವಿದೆ ಎನ್ನುವಾಗ ಆ ಕಂಪನಿಯ ಪೈಲಟ್ ಬಂದು ಒಂದೇ ಮಾತಿಗೆ ಹಿಂದಕ್ಕೆ ಹಾಕಬಹುದು. ಅದನ್ನು ಅನ್ಯಾಯ ಎಂದು ಯಾರೂ ಎಣಿಸುವುದಿಲ್ಲ. ನಾಳೆ ಅವನು ಇವನ ಕಂಪನಿಯ ಗೇಟಿಗೆ ಬಂದರೆ ಲೆಕ್ಕ ತಿರುಗುಮುರುಗು.

ತೂಕದ ತಲೆಬಿಸಿಯೂ ಉಂಟು. ಬೇಸಿಗೆಯ ಮಧ್ಯಾಹ್ನ ಡೆನ್ವರ್‌ನಂಥ ಎತ್ತರದ ಊರಿನಲ್ಲಿ ಅಥವಾ ಹವಾಮಾನ ಕೆಟ್ಟು ಹೆಚ್ಚು ಇಂಧನ ತುಂಬಿದ ದಿನ ಸಣ್ಣ ಜೆಟ್ ಭಾರ ಹೊರಲಾರದು. ಕಣ್ಣೆದುರು ಸೀಟು ಖಾಲಿ ಕಾಣುತ್ತಿದ್ದರೂ ಏಜೆಂಟ್ ಇಲ್ಲ ಅನ್ನುತ್ತಾರೆ. ಆ ಮಾತಿಗೆ ಎದುರಾಡುವಂತಿಲ್ಲ.

ಇಷ್ಟೆಲ್ಲ ಆಗಿ ಏಜೆಂಟ್ ಚೀಟಿ ಕೊಟ್ಟರೂ ಕೆಲಸ ಅರ್ಧವಷ್ಟೇ. ಮಿಕ್ಕರ್ಧ ವಿಮಾನದ ಬಾಗಿಲಲ್ಲಿದೆ. ಕ್ಯಾಬಿನ್ ಸೀಟು ಸಿಕ್ಕಿದ್ದರೂ ಸರಿ, ಅವನು ಮೊದಲು ಫ್ಲೈಟ್ ಅಟೆಂಡೆಂಟ್‌ಗೆ ತಾನು ಜಂಪ್‌ಸೀಟರ್ ಎಂದು ಹೇಳಿ, ಕ್ಯಾಪ್ಟನ್‌ಗೆ ಬಿಡುವಿದೆಯೇ ಎಂದು ಕೇಳಿ, ಗ್ಯಾಲಿಯ (ವಿಮಾನದ ಪುಟ್ಟ ಅಡುಗೆಕಟ್ಟೆಯ) ಪಕ್ಕದಲ್ಲಿ ಯಾರ ಕಾಲಿಗೂ ಸಿಗದಂತೆ ನಿಲ್ಲಬೇಕು. ಕಾಕ್‌ಪಿಟ್ ಬಾಗಿಲು ತೆರೆದೇ ಇದ್ದರೂ ಹೊಸ್ತಿಲು ದಾಟಬಾರದು. ಒಳಗೆ ಇಬ್ಬರೂ ಚೆಕ್‌ಲಿಸ್ಟ್ ಓದುತ್ತಿರಬಹುದು. ಕ್ಯಾಪ್ಟನ್ ತಿರುಗಿ ನೋಡಿದಾಗ ಹೆಸರು, ಕಂಪನಿ, ಯಾವ ವಿಮಾನ ಹಾರಿಸುವುದು ಎಂದು ಹೇಳಿ, ಶಿಕಾಗೋ ತನಕ ಬರಬಹುದೇ ಎಂದು ಕೇಳಬೇಕು. ಕೇಳುವಾಗಲೇ ಕೈಯಲ್ಲಿ ಮೂರು ಕಾಗದ ಸಿದ್ಧವಿರಬೇಕು: ಕಂಪನಿ ಐಡಿ, ಪೈಲಟ್ ಲೈಸೆನ್ಸ್, ಮೆಡಿಕಲ್ ಸರ್ಟಿಫಿಕೇಟ್. ಕೆಲವರು ಮೂರನ್ನೂ ಓದಿ ನೋಡುತ್ತಾರೆ, ಕೆಲವರು ಕಣ್ಣಾಡಿಸಿ ಬಾರಪ್ಪಾ ಅನ್ನುತ್ತಾರೆ.

ಇದು ಬರೀ ಶಿಷ್ಟಾಚಾರ ಎಂದು ಹೊಸ ಹುಡುಗರು ತಿಳಿಯುತ್ತಾರೆ. ತಪ್ಪು. ಒಪ್ಪಂದ, ಕ್ಯಾಸ್, ಗೇಟಿನ ಚೀಟಿ ಇವೆಲ್ಲ ಸೇರಿ ಅವನನ್ನು ಕ್ಯಾಪ್ಟನ್ ಎದುರಿಗೆ ತಂದು ನಿಲ್ಲಿಸುತ್ತವೆ ಅಷ್ಟೇ. ಒಳಗೆ ಬಿಡುವ ಅಧಿಕಾರ ಕ್ಯಾಪ್ಟನ್‌ದು. ಬೇಡ ಎಂದರೆ ಕಾರಣ ಕೊಡಬೇಕಾಗಿಲ್ಲ. ಕೇಳದೆ ಸೀದಾ ಹೋಗಿ 24ಎಫ್‌ನಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡವನನ್ನು ಬಾಗಿಲು ಹಾಕುವ ಮೊದಲು ಕೆಳಗಿಳಿಸಿದ ಕ್ಯಾಪ್ಟನ್‌ಗಳಿದ್ದಾರೆ, ಮತ್ತು ಇಳಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆ ವಿಮಾನದಲ್ಲಿ ಇನ್ನೊಬ್ಬ ಅರ್ಹ ಪೈಲಟ್ ಇದ್ದಾನೆ, ಅವನು ಎಂಥವನು ಎಂಬುದು ಕ್ಯಾಪ್ಟನ್‌ಗೆ ಗೊತ್ತಿರಬೇಕಾದ ಸಂಗತಿ.

ಈ ಅಧಿಕಾರವನ್ನು ಪೈಲಟ್‌ಗಳು ಸೇಡಿಗೂ ಬಳಸಿದ್ದಾರೆ. 1983ರ ಕಾಂಟಿನೆಂಟಲ್ ಮುಷ್ಕರ, 1985ರ ಯುನೈಟೆಡ್ ಮುಷ್ಕರ, 1989ರ ಈಸ್ಟರ್ನ್ ಮುಷ್ಕರಗಳಲ್ಲಿ ಸಂಗಾತಿಗಳು ಬೀದಿಯಲ್ಲಿದ್ದಾಗ ಒಳಗೆ ಹೋಗಿ ವಿಮಾನ ಹಾರಿಸಿದವರ ಹೆಸರುಗಳು ಪಟ್ಟಿಯಾಗಿ ವರ್ಷಗಟ್ಟಲೆ ಕೈಯಿಂದ ಕೈಗೆ ಹರಿದಾಡಿದವು. ಆ ಪಟ್ಟಿಯಲ್ಲಿದ್ದವನು ಇಪ್ಪತ್ತು ವರ್ಷ ಕಳೆದು ಐಡಿ ಚಾಚಿದರೂ ಹೆಸರು ಓದಿ, ಕ್ಷಮಿಸಿ ಇವತ್ತು ಜಾಗವಿಲ್ಲ ಎಂದವರುಂಟು. ಯೂನಿಯನ್‌ಗಳು ಅಧಿಕೃತವಾಗಿ ಜಂಪ್‌ಸೀಟನ್ನು ಜಗಳಕ್ಕೆ ಬಳಸಬೇಡಿ ಎಂದೇ ಹೇಳುತ್ತವೆ. ಕ್ಯಾಪ್ಟನ್ ಮನಸ್ಸಿನಲ್ಲಿ ಏನಿದೆ ಎಂದು ಯಾರು ಕೇಳುತ್ತಾರೆ?

ಒಳಗೆ ಕೂತವನಿಗೆ ಕರ್ತವ್ಯಗಳಿವೆ. ಆಕ್ಸಿಜನ್ ಮಾಸ್ಕ್ ಎಲ್ಲಿದೆ, ಹೇಗೆ ಹಾಕುವುದು, ಹಾರ್ನೆಸ್ ಹೇಗೆ, ಬೆಂಕಿ ಬಿದ್ದರೆ ಯಾವ ಕಿಟಕಿಯಿಂದ ಹೊರಬೀಳುವುದು ಎಂದು ಅವನಿಗೆ ಹೇಳಿಕೊಡುತ್ತಾರೆ. ಅವನು ಗೊತ್ತು ಗೊತ್ತು ಎನ್ನದೆ ಕೇಳಿಸಿಕೊಳ್ಳಬೇಕು. 10,000 ಅಡಿಗಿಂತ ಕೆಳಗೆ ಹಾರಾಟಕ್ಕೆ ಸಂಬಂಧಿಸದ ಮಾತು ನಿಷಿದ್ಧ, 1981ರಿಂದ ಇದು ಕಾನೂನು. ಆದರೆ ಇಬ್ಬರೂ ನೋಡದ ಏನನ್ನಾದರೂ ಅವನು ಕಂಡರೆ ಸುಮ್ಮನಿರಬಾರದು. ರನ್‌ವೇ ಮೇಲೆ ಇನ್ನೊಂದು ವಿಮಾನ ದಾಟುತ್ತಿದ್ದರೆ ಸಂಕೋಚ ಬಿಟ್ಟು ಕೂಗಬೇಕು. ಕುಡಿತದ ಮಾತೇ ಇಲ್ಲ, ಹಿಂದಿನ ರಾತ್ರಿಯದೂ ಲೆಕ್ಕಕ್ಕೆ ಬರುತ್ತದೆ. ಇಳಿಯುವಾಗ ಇಬ್ಬರಿಗೂ ಥ್ಯಾಂಕ್ಸ್ ಹೇಳದೆ ಹೋದವನ ಸುದ್ದಿ ಅವನಿಗಿಂತ ಮೊದಲು ಅವನ ಬೇಸ್ ತಲುಪುತ್ತದೆ.

ಇನ್ನು ನಿಮ್ಮ ಹೆದರಿಕೆ. 2023ರ ಅಕ್ಟೋಬರ್ 22ರಂದು ವಾಷಿಂಗ್ಟನ್ ರಾಜ್ಯದ ಎವರೆಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಹೊರೈಜನ್ ಏರ್ ವಿಮಾನವದು. ಜಂಪ್‌ಸೀಟಿನಲ್ಲಿ ಕೂತಿದ್ದವನು ಅಲಾಸ್ಕಾ ಏರ್‌ಲೈನ್ಸ್‌ನ, ಆಗ ಡ್ಯೂಟಿಯಲ್ಲಿರದ ಪೈಲಟ್. ಎಂಜಿನ್‌ಗೆ ಬೆಂಕಿ ಬಿದ್ದಾಗ ಎಳೆಯಬೇಕಾದ ಎರಡು ಹಿಡಿಕೆಗಳಿಗೆ ಕೈ ಹಾಕಿದ. ಪೂರ್ತಿ ಎಳೆದಿದ್ದರೆ ಇಂಧನ ಕಡಿದು ಎಂಜಿನ್‌ಗಳು ಆರುತ್ತಿದ್ದವು. ಇಬ್ಬರು ಪೈಲಟ್‌ಗಳೂ ಕೂಡಲೇ ತಡೆದರು, ಅವನನ್ನು ಹೊರಗೆ ಕಳಿಸಿದರು, ವಿಮಾನವನ್ನು ಪೋರ್ಟ್‌ಲ್ಯಾಂಡ್‌ನಲ್ಲಿ ಸುರಕ್ಷಿತವಾಗಿ ಇಳಿಸಿದರು. ಗೆಳೆಯನ ಸಾವಿನ ದುಃಖ, ಖಿನ್ನತೆ, ಎರಡು ದಿನ ಮೊದಲು ತಿಂದ ಅಮಲಿನ ಅಣಬೆ, ನಿದ್ದೆಯಿಲ್ಲದ ರಾತ್ರಿಗಳು ಎಂದೆಲ್ಲ ಅವನು ಆಮೇಲೆ ಹೇಳಿಕೊಂಡ.

ಹಳೆಯ ಪ್ರಕರಣ ಇನ್ನೂ ಭೀಕರ. 1994ರ ಏಪ್ರಿಲ್ 7ರಂದು ಮೆಂಫಿಸ್‌ನಿಂದ ಹೊರಟ ಫೆಡೆಕ್ಸ್ 705 ಎಂಬ ಡಿಸಿ-10 ಸರಕು ವಿಮಾನದಲ್ಲಿ ಜಂಪ್‌ಸೀಟ್ ಪಡೆದು ಬಂದವನು ಗಿಟಾರ್ ಪೆಟ್ಟಿಗೆಯಲ್ಲಿ ಸುತ್ತಿಗೆಗಳನ್ನೂ ಮೀನು ಬೇಟೆಯ ಈಟಿ ಬಂದೂಕನ್ನೂ ತಂದಿದ್ದ. ಮೂವರು ಸಿಬ್ಬಂದಿಯ ತಲೆ ಒಡೆದ. ರಕ್ತ ಸುರಿಯುತ್ತಲೇ ಅವರು ಹೋರಾಡಿ ವಿಮಾನವನ್ನು ಮೆಂಫಿಸ್‌ಗೆ ತಿರುಗಿಸಿ ಇಳಿಸಿದರು. ಆ ಮೂವರೂ ಮತ್ತೆಂದೂ ವೃತ್ತಿಪೈಲಟ್‌ಗಳಾಗಿ ಹಾರಲಾಗಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಫೆಡೆಕ್ಸ್‌ನಲ್ಲಿ ದಾಳಿ ಮಾಡಿದವನು ಫೆಡೆಕ್ಸ್‌ನದೇ ಫ್ಲೈಟ್ ಎಂಜಿನಿಯರ್. ಹೊರೈಜನ್ ಮತ್ತು ಅಲಾಸ್ಕಾ ಒಂದೇ ಗುಂಪಿನ ಕಂಪನಿಗಳು. ಇಬ್ಬರೂ ಮನೆಯವರೇ. ನೀವು ಹೆದರುತ್ತಿರುವ ಅಪರಿಚಿತ ಕಂಪನಿಯವನು ಎರಡರಲ್ಲೂ ಇಲ್ಲ. ಕ್ಯಾಸ್‌ನಲ್ಲಿ ಕೇಳಿದ್ದರೂ ಇಬ್ಬರಿಗೂ ಹಸಿರೇ ಸಿಗುತ್ತಿತ್ತು, ಯಾಕೆಂದರೆ ಇಬ್ಬರೂ ಆ ಹೊತ್ತಿಗೆ ನಿಜಕ್ಕೂ ಕಂಪನಿಯ ನೌಕರಿಯಲ್ಲಿದ್ದವರು. ಯಂತ್ರ ಕೆಲಸದ ದಾಖಲೆ ನೋಡುತ್ತದೆ, ಮನಸ್ಸಿನ ಒಳಗೆ ಇಣುಕುವುದಿಲ್ಲ. ಹಾಗಾಗಿಯೇ ಆ ಬಾಗಿಲ ಬಳಿಯ ಎರಡು ಮಾತಿಗೆ ನಾನು ಬೆಲೆ ಕೊಡುತ್ತೇನೆ. ಅದು ಎಲ್ಲವನ್ನೂ ಹಿಡಿಯುತ್ತದೆ ಎಂದು ಹೇಳಲಾರೆ, 2023ರಲ್ಲಿ ಹಿಡಿಯಲಿಲ್ಲ. ಆದರೂ ಬಂದವನ ಕಣ್ಣು ಕೆಂಪಗಿದೆಯೇ, ಮಾತು ತಡವರಿಸುತ್ತಿದೆಯೇ ಎಂದು ನೋಡಲು ಇರುವ ಕಡೆಯ ಅವಕಾಶ ಅದೇ. ಪೈಲಟ್‌ಗಳು ಲೈಸೆನ್ಸ್ ಹೋದೀತೆಂದು ಮನಸ್ಸಿನ ಕಾಯಿಲೆ ಮುಚ್ಚಿಡುವ ವಿಷಯ ಆ ಪ್ರಕರಣದ ನಂತರ ದೊಡ್ಡ ಚರ್ಚೆಯಾಯಿತು, ಎಫ್‌ಎಎ ಒಂದು ಸಮಿತಿಯನ್ನೇ ಕೂರಿಸಿತು.

ಹಿಂದೆ ಕೂತವನು ಉಪಕಾರಕ್ಕೆ ಬಂದದ್ದೂ ಉಂಟು, ಅದು ಅಷ್ಟು ಸುದ್ದಿಯಾಗುವುದಿಲ್ಲ. 2018ರ ಅಕ್ಟೋಬರ್ 28ರ ರಾತ್ರಿ ಬಾಲಿಯ ಡೆನ್‌ಪಸಾರ್‌ನಿಂದ ಜಕಾರ್ತಕ್ಕೆ ಹೊರಟ ಲಯನ್ ಏರ್‌ನ 737 ಮ್ಯಾಕ್ಸ್ ಮೂಗು ತಗ್ಗಿಸಿ ಕೆಳಗೆಳೆಯತೊಡಗಿತು. ಕಾಕ್‌ಪಿಟ್‌ನಲ್ಲಿ ಅದೇ ಗುಂಪಿನ ಬಾತಿಕ್ ಏರ್‌ನ ಪೈಲಟ್ ಒಬ್ಬ ಮೂರನೆಯವನಾಗಿ ಕೂತಿದ್ದ. ಮೂಗನ್ನು ಏರಿಸಿ ಇಳಿಸುವ ಟ್ರಿಮ್ ಮೋಟಾರಿನ ಸ್ವಿಚ್ ಆರಿಸಿ ಕೈಯಿಂದ ಚಕ್ರ ತಿರುಗಿಸುತ್ತಾ ಅವರು ಜಕಾರ್ತ ಮುಟ್ಟಿದರು. ಮರುದಿನ ಬೆಳಿಗ್ಗೆ ಅದೇ ವಿಮಾನ ಬೇರೆ ಸಿಬ್ಬಂದಿಯೊಂದಿಗೆ ಹೊರಟು ಸಮುದ್ರಕ್ಕೆ ಬಿತ್ತು, 189 ಜನ ಹೋದರು. ಆ ಮೂರನೆಯವನೇ ಎಲ್ಲರನ್ನೂ ಉಳಿಸಿದ ಎಂದು ನಾನು ಹೇಳುತ್ತಿಲ್ಲ. ಇಬ್ಬರ ಕೈ ತುಂಬಾ ಕೆಲಸವಿದ್ದಾಗ ಮ್ಯಾಕ್ಸ್ ಬಲ್ಲ ಇನ್ನೊಂದು ಜೊತೆ ಕಣ್ಣು ಅಲ್ಲಿತ್ತು, ಅಷ್ಟು ಮಾತ್ರ ಖಚಿತ.

ನಿಜ ಹೇಳಬೇಕೆಂದರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಹೆದರುತ್ತಿದ್ದದ್ದು ಬೇರೆಯದಕ್ಕೆ: ನಿದ್ದೆಗೆ.

2009ರ ಫೆಬ್ರವರಿ 12ರಂದು ನ್ಯೂವಾರ್ಕ್‌ನಿಂದ ಬಫಲೋಗೆ ಹೋಗುತ್ತಿದ್ದ ಕೋಲ್ಗನ್ ಏರ್ 3407 ಬಿದ್ದು ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ಅದರ ಫಸ್ಟ್ ಆಫೀಸರ್ ಇದ್ದದ್ದು ಸಿಯಾಟಲ್ ಕಡೆ, ಬೇಸ್ ನ್ಯೂವಾರ್ಕ್. ಹಿಂದಿನ ಸಂಜೆ ಸಿಯಾಟಲ್‌ನಿಂದ ಫೆಡೆಕ್ಸ್ ಸರಕು ವಿಮಾನದ ಜಂಪ್‌ಸೀಟ್ ಹಿಡಿದು ಮೆಂಫಿಸ್, ಅಲ್ಲಿ ನಡುರಾತ್ರಿ ಇನ್ನೊಂದು ಫೆಡೆಕ್ಸ್ ಹತ್ತಿ ಬೆಳಿಗ್ಗೆ ಆರೂವರೆ ಸುಮಾರಿಗೆ ನ್ಯೂವಾರ್ಕ್. ಹಗಲು ಸಿಬ್ಬಂದಿಯ ಕೋಣೆಯಲ್ಲಿ ವಿಶ್ರಾಂತಿ, ರಾತ್ರಿ ಹಾರಾಟ. ಅಪಘಾತದ ಮೂಲ ಕಾರಣ ಕ್ಯಾಪ್ಟನ್ ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ಸ್ಥಿತಿ) ಎಚ್ಚರಿಕೆಗೆ ತಪ್ಪಾಗಿ ಸ್ಪಂದಿಸಿದ್ದು. ಆದರೆ ಇಬ್ಬರ ದಣಿವೂ ತನಿಖೆಯಲ್ಲಿ ಎದ್ದು ಕಂಡಿತು. ಅಲ್ಲಿಂದ ಮುಂದೆ 2014ರ ಜನವರಿಯಿಂದ ಪೈಲಟ್‌ಗಳ ವಿಶ್ರಾಂತಿಗೆ ಹೊಸ ಕಟ್ಟುಪಾಡು ಬಂತು. ಹೊಸ ನಿಯಮದಲ್ಲೂ ಮನೆಯಿಂದ ಬೇಸ್‌ಗೆ ಬರುವ ಹೊತ್ತು ಡ್ಯೂಟಿಯಲ್ಲಿ ಸೇರುವುದಿಲ್ಲ. ದಣಿದಿದ್ದೇನೋ ಇಲ್ಲವೋ ಎಂದು ಪೈಲಟ್ ತಾನೇ ನೋಡಿಕೊಂಡು ಹೇಳಬೇಕು.

ಇದನ್ನೆಲ್ಲ ತಿಳಿದವರು ಹೇಗೆ ಓಡಾಡುತ್ತಾರೆ ಎಂದರೆ, ರಿಪೋರ್ಟ್ ಹೊತ್ತಿಗೆ ಸರಿಯಾಗಿ ತಲುಪುವ ವಿಮಾನವನ್ನು ಎಂದೂ ನಂಬುವುದಿಲ್ಲ. ಮಧ್ಯಾಹ್ನ ರಿಪೋರ್ಟ್ ಇದ್ದರೆ ಬೆಳಿಗ್ಗೆ ಮೊದಲನೆಯ ವಿಮಾನಕ್ಕೆ ಹೋಗಿ ನಿಲ್ಲುತ್ತಾರೆ, ಅದು ತಪ್ಪಿದರೆ ಹಿಂದೆ ಇನ್ನೆರಡು ಇರಬೇಕು. ಡಲ್ಲಾಸ್‌-ಶಿಕಾಗೋ ದಾರಿ ಈ ವಿಷಯದಲ್ಲಿ ನಿಮ್ಮ ಮಗನ ಪುಣ್ಯ. ಡಿಎಫ್‌ಡಬ್ಲ್ಯು ಏರ್‌ಪೋರ್ಟಿನಿಂದ ಓಹೇರ್‌ಗೆ ಅಮೆರಿಕನ್ ಮತ್ತು ಯುನೈಟೆಡ್ ಎರಡೂ ಓಡುತ್ತವೆ; ಊರೊಳಗಿನ ಲವ್ ಫೀಲ್ಡ್‌ನಿಂದ ಮಿಡ್‌ವೇಗೆ ಸೌತ್‌ವೆಸ್ಟ್ ಇದೆ. ಆದರೆ ವಸಂತದಲ್ಲಿ ಟೆಕ್ಸಾಸ್ ಗುಡುಗು-ಮಳೆ, ಚಳಿಗಾಲದಲ್ಲಿ ಶಿಕಾಗೋ ಹಿಮ. ಒಂದು ವಿಮಾನ ರದ್ದಾದರೆ ಅದರ ಪ್ರಯಾಣಿಕರೆಲ್ಲ ಮುಂದಿನದಕ್ಕೆ ತುಂಬುತ್ತಾರೆ, ಜಂಪ್‌ಸೀಟಿನವರ ಸಾಲೂ ಉದ್ದವಾಗುತ್ತದೆ. ಅಂಥ ದಿನ ಮುನ್ನಾದಿನವೇ ಹೋಗಿ ಮಲಗುವುದು ಜಾಣತನ. ಅದಕ್ಕೆಂದೇ ಪ್ರತಿ ದೊಡ್ಡ ಬೇಸ್‌ನ ಸುತ್ತ ಕ್ರ್ಯಾಶ್‌ಪ್ಯಾಡ್‌ಗಳಿವೆ: ಹತ್ತಾರು ಜನ ಸೇರಿ ಬಾಡಿಗೆ ಹಿಡಿದ ಮನೆ, ಕೋಣೆ ತುಂಬ ಬಂಕ್ ಮಂಚ, ಹಗಲಲ್ಲೂ ಎಳೆದ ಪರದೆ, ಪಿಸುಮಾತು. ನ್ಯೂಯಾರ್ಕ್‌ನ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಇಂಥವರು ಎಷ್ಟು ತುಂಬಿದ್ದಾರೆಂದರೆ ಅದಕ್ಕೆ ಕ್ರೂ ಗಾರ್ಡನ್ಸ್ ಎಂದೇ ಹೆಸರು ಬಿದ್ದಿದೆ.

ಯೂನಿಯನ್ ಕರಾರುಗಳಲ್ಲಿ ಸಾಮಾನ್ಯವಾಗಿ ಕಮ್ಯೂಟರ್ ಕ್ಲಾಜ್ (ಬೇರೆ ಊರಿಂದ ಕೆಲಸಕ್ಕೆ ಬರುವವರ ಷರತ್ತು) ಎಂಬುದೂ ಇರುತ್ತದೆ. ಹೊತ್ತಿಗೆ ಮುಂಚೆ ತಲುಪುವಂಥ ಎರಡು ವಿಮಾನಕ್ಕೆ ಪ್ರಯತ್ನಪಟ್ಟು ಎರಡೂ ತಪ್ಪಿದ್ದನ್ನು ತೋರಿಸಿದರೆ ಗೈರುಹಾಜರಿಗೆ ಶಿಕ್ಷೆಯಿಲ್ಲ, ಆದರೆ ಆ ಟ್ರಿಪ್ಪಿನ ಸಂಬಳ ಹೋಗಬಹುದು. ವಿವರ ಕಂಪನಿಯಿಂದ ಕಂಪನಿಗೆ ಬೇರೆ; ಮಗ ತನ್ನ ಕರಾರನ್ನು ಓದಿಕೊಂಡಿದ್ದಾನೆಯೇ ಎಂದು ಕೇಳಿ. ಓದದೆ ಇರುವವರೇ ಹೆಚ್ಚು. ಸೀನಿಯಾರಿಟಿ ಬಂದ ಮೇಲೆ ಡಲ್ಲಾಸ್ ಬೇಸ್‌ಗೆ ಬಿಡ್ (ಬೇಡಿಕೆ) ಹಾಕಲು ಸಾಧ್ಯವಿದ್ದರೆ ಹಾಕಲಿ, ಅದಕ್ಕಾಗಿ ದೊಡ್ಡ ವಿಮಾನ ಹಾರಿಸುವ ಅವಕಾಶ ಒಂದೆರಡು ವರ್ಷ ತಡವಾದರೂ ನಷ್ಟವಿಲ್ಲ. ನಾನೂ ಬಹಳ ಕಾಲ ಹೀಗೆ ಗೇಟುಗಳಲ್ಲಿ ನಿಂತವನೇ. ತಿಂಗಳಲ್ಲಿ ಮನೆಯಲ್ಲಿ ಕಳೆಯಬೇಕಾದ ಎಷ್ಟು ದಿನಗಳು ಆ ನಿಲ್ಲುವಿಕೆಯಲ್ಲಿ ಹೋಗುತ್ತವೆ ಎಂಬುದನ್ನು ಸಂಬಳದ ಚೀಟಿ ತೋರಿಸುವುದಿಲ್ಲ.

ಬೆಂಗಳೂರಿನ ಮಾತಿಗೆ ಬರೋಣ. ಕ್ಯಾಸ್ ಕೆಲಸ ಮಾಡುವುದು ಅಮೆರಿಕದ ಒಳಗಿನ ವ್ಯವಸ್ಥೆಯಾಗಿ. ಅದರಾಚೆಗಿನ ಏರ್‌ಲೈನ್‌ಗಳ ಕಾಕ್‌ಪಿಟ್‌ನಲ್ಲಿ ನಿಮ್ಮ ಮಗ ಕೂತು ಬರುತ್ತಾನೆ ಎಂಬ ಆಸೆ ಬಿಡಿ. ಭಾರತದಲ್ಲಂತೂ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಈ ವಿಷಯದಲ್ಲಿ ಬಿಗಿ. 2023ರ ಫೆಬ್ರವರಿಯಲ್ಲಿ ದುಬೈ-ದೆಹಲಿ ವಿಮಾನದಲ್ಲಿ ಪೈಲಟ್ ಒಬ್ಬರು, ಅಂದು ಪ್ರಯಾಣಿಕಳಾಗಿ ಬರುತ್ತಿದ್ದ ಏರ್‌ಲೈನ್ ಸಿಬ್ಬಂದಿಯಾದ ಗೆಳತಿಯನ್ನು ಕಾಕ್‌ಪಿಟ್‌ಗೆ ಕರೆದು ಕೂರಿಸಿದ್ದಕ್ಕೆ ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ, ಆ ಪೈಲಟ್‌ಗೆ ಮೂರು ತಿಂಗಳ ಲೈಸೆನ್ಸ್ ಅಮಾನತು ಆಗಿತ್ತು.

ವಿದೇಶ ಪ್ರಯಾಣಕ್ಕೆ ಏರ್‌ಲೈನ್ ನೌಕರರು ಬಳಸುವುದು ಝೆಡ್ ಟಿಕೆಟ್. ಏರ್‌ಲೈನ್‌ಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡು, ದೂರದ ಆಧಾರದ ಮೇಲೆ ದರ ಗೊತ್ತುಮಾಡಿದ ರಿಯಾಯಿತಿ ಟಿಕೆಟ್ ಅದು. ಸೀಟು ಕ್ಯಾಬಿನ್‌ನಲ್ಲೇ, ಆದರೆ ಸ್ಟ್ಯಾಂಡ್‌ಬೈ. ಪೂರ್ತಿ ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಉಳಿದರೆ ನಿಮಗೆ. ಜಂಪ್‌ಸೀಟ್ ಪೈಲಟ್‌ಗೆ ಮಾತ್ರ, ಹೆಂಡತಿ-ಮಕ್ಕಳಿಗೂ ಇಲ್ಲ. ಝೆಡ್ ಟಿಕೆಟ್ ಬಹಳ ಕಂಪನಿಗಳಲ್ಲಿ ತಂದೆತಾಯಿಗೂ ಸಿಗುತ್ತದೆ. ಅಂದರೆ ನಿಮಗೂ ಸಿಗಬಹುದು.

ಸಿಕ್ಕರೂ ಬೇಡ ಎಂದೇ ನನ್ನ ಸಲಹೆ. ಮೇ-ಜೂನ್, ಡಿಸೆಂಬರ್‌ನಲ್ಲಿ ಬೆಂಗಳೂರಿನ ವಿಮಾನಗಳು ತುಂಬಿ ತುಳುಕುತ್ತವೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸೀಟು ಸಿಗದಿದ್ದರೆ ಟ್ಯಾಕ್ಸಿ ಹಿಡಿದು ನೆಂಟರ ಮನೆಗೆ ಹೋಗಬಹುದು. ಫ್ರಾಂಕ್‌ಫರ್ಟ್‌ನಲ್ಲಿ ಮುಂದಿನ ವಿಮಾನ ತಪ್ಪಿದರೆ, ಷೆಂಗೆನ್ ವೀಸಾ ಇಲ್ಲದ ನೀವು ಏರ್‌ಪೋರ್ಟ್ ಬಿಟ್ಟು ಹೊರಗೂ ಬರುವಂತಿಲ್ಲ. ಮಾತ್ರೆ ಡಬ್ಬಿ ಹಿಡಿದು ರಾತ್ರಿಯಿಡೀ ಕುರ್ಚಿಯ ಮೇಲೆ, ಬೆಳಿಗ್ಗೆಯದೂ ಸಿಗುತ್ತದೆಂಬ ಖಾತ್ರಿಯಿಲ್ಲ. ಮಗ ಒಬ್ಬನೇ ಬರುವುದಾದರೆ ಸ್ಟ್ಯಾಂಡ್‌ಬೈಯಲ್ಲಿ ಬರಲಿ, ಕಾಯುವುದು ಅವನಿಗೆ ಅಭ್ಯಾಸ. ನಿಮಗಿಬ್ಬರಿಗೆ ಮಾತ್ರ ಸೀಟು ನಂಬರ್ ಅಚ್ಚಾಗಿರುವ, ಒಂದೇ ಬುಕಿಂಗ್‌ನಲ್ಲಿ ಡಲ್ಲಾಸ್ ತನಕದ ಮಾಮೂಲಿ ಟಿಕೆಟ್ ತೆಗೆಸಲಿ. ವ್ಹೀಲ್‌ಚೇರ್ ಬೇಕಿದ್ದರೆ ಬುಕ್ ಮಾಡುವಾಗಲೇ ಹಾಕಿಸಲು ಹೇಳಿ.